ಒಂದು ಬಿಳಿಗೆರೆಯ ಹಿಂದೆ

ಕಳೆದ ಶ್ರಾವಣ ಮಾಸದ ಒಂದು ಮುಂಜಾನೆ ಧಾರವಾಡದ ಸಮೀಪದ ಹಳ್ಳಿಯಿಂದ ನನ್ನ ತಂಗಿಯ ದೂರವಾಣಿ ಕರೆ ಬಂದಿತು. ಅವಳ ದನಿಯಲ್ಲಿದ್ದ ಕಳವಳವನ್ನು ಕೇಳಿ, ಮನೆಯಲ್ಲಿ ಯಾರಿಗೋ ಅಸ್ವಸ್ಥತೆಯಾಗಿದೆಯೆಂದೇ ನಾನು ಭಾವಿಸಿದೆ. ವಿಷಯ ಹಾಗಿರಲಿಲ್ಲ. ಅವಳ ಅತ್ತೆಯವರ ಕೋಣೆಯಲ್ಲಿದ್ದ ಹಳೆಯ ಟಿ.ವಿ. ಕೆಟ್ಟು ಹತ್ತು ದಿನಗಳಾಗಿದ್ದವು. ಈಗ ಅದನ್ನು ಹಚ್ಚಿ ಅದರ ಎದುರು ನಿಂತೇ ಮಾತನಾಡುತ್ತಿದ್ದಳು. ತೆರೆಯ ಮೇಲೆ ಚಿತ್ರವಿಲ್ಲ. ನಟ್ಟನಡುವೆ ಎಡದಿಂದ ಬಲಕ್ಕೆ ಎಳೆದಂತೆ ಒಂದೇ ಒಂದು ಬಿಳಿಯ ಗೆರೆ. ಮಾತು ಮಾತ್ರ ಸ್ಪಷ್ಟವಾಗಿ ಕೇಳಿಬರುತ್ತಿದೆ. “ಮೊದಲು ಅದನ್ನು ಬಂದ್ ಮಾಡು, ನಾನು ಬರುವವರೆಗೆ ಯಾರೂ ಹಚ್ಚಬೇಡಿರಿ” ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಏಕೆ ಹಾಗೆ ಹೇಳಿದೆನೆಂಬುದನ್ನು ಮುಂದೆ ತಿಳಿಸುವೆನು.

ಗೋಡೆಗೆ ತೂಗುಹಾಕುವ ತೆಳ್ಳನೆಯ ಟಿ.ವಿ.ಗಳು ಮನೆಮನೆಯಲ್ಲಿರುವ ಈ ದಿನಗಳಲ್ಲಿ ಗಾಜಿನ ಬುರುಡೆಯ ಹಳೆಯ ಪೆಟ್ಟಿಗೆಯ ಚಿಂತೆ ಯಾರಿಗೆ ಬೇಕು ಎಂದು ಓದುಗ ಬಂಧುಗಳು ಕೇಳಬಹುದು. ತಂಗಿಯ ಮನೆಯ ಪಡಸಾಲೆಯಲ್ಲಿಯೂ ಅಂಥದೊಂದು ದೊಡ್ಡ ಟಿ.ವಿ. ಇದೆ. ಅದರ ರಿಮೋಟಿನಲ್ಲಿ ನಲವತ್ತು ಗುಂಡಿಗಳಿವೆ. ಯಾವುದನ್ನೋ ಒತ್ತಿದರೆ ಇನ್ನೇನೋ ತೆರೆದುಕೊಳ್ಳುತ್ತದೆ. ಅತ್ತೆಯವರಿಗೆ 84 ವರ್ಷ, ಎರಡೂ ಕಣ್ಣುಗಳಿಗೆ ಶಸ್ತ್ರಚಿಕಿತ್ಸೆಯಾಗಿದೆ. ಪಡಸಾಲೆಯ ಟಿ.ವಿ.ಯನ್ನು ಅವರು ಎಂದೂ ಮುಟ್ಟಿದವರಲ್ಲ. ಅವರದೇನಿದ್ದರೂ ತಮ್ಮ ಕೋಣೆಯ 21 ಅಂಗುಲದ ಬಣ್ಣದ ಟಿ.ವಿ. 1998ರಲ್ಲಿ ಉಳ್ಳಾಗಡ್ಡಿಯ ಬೆಲೆ ದೇಶದಲ್ಲೆಲ್ಲ ಗಗನಕ್ಕೇರಿತ್ತಷ್ಟೆ? ಆ ವರ್ಷದ ಬೆಳೆಯ ಹಣದಲ್ಲಿ ಅವರ ಯಜಮಾನರು ಹುಬ್ಬಳ್ಳಿಯಿಂದ ತಂದ ಪೆಟ್ಟಿಗೆ ಅದು. ಯಜಮಾನರು ಲಿಂಗೈಕ್ಯರಾಗಿ ಹದಿನಾಲ್ಕು ವರ್ಷಗಳಾದವು. ಪೆಟ್ಟಿಗೆಯ ಮೇಲೆ ದೂರದರ್ಶನದ ಫ್ರೀ ಡಿಶ್ ಡಬ್ಬಿಯೊಂದನ್ನು ಇಟ್ಟುಕೊಟ್ಟಿದ್ದಾರೆ. ಅದಕ್ಕೆ ತಿಂಗಳ ಶುಲ್ಕವಿಲ್ಲ. ಮುಂಜಾನೆ ಪೂಜೆ ಮುಗಿಸಿ ಬಂದು ಒಂದೇ ಗುಂಡಿ ಒತ್ತಿದರೆ ಚಂದನ ವಾಹಿನಿ ಬರುತ್ತದೆ. ಅವರಿಗೆ ಅಷ್ಟು ಸಾಕು.

ಕೆಟ್ಟ ಮೂರನೆಯ ದಿನವೇ ಗುಜರಿಯವನು ಬಂದು ನೂರೈವತ್ತು ರೂಪಾಯಿಗೆ ಕೇಳಿ ಹೋಗಿದ್ದನಂತೆ. “ಹಳೇದಲ್ಲೇನು, ಹೋಗ್ಲಿ ಬಿಡ್ರಿ” ಎಂದು ಅತ್ತೆಯವರೇ ಹೇಳಿದರಂತೆ. ಆದರೆ ಅಂದಿನಿಂದ ಅವರು ಊಟಕ್ಕೆ ಪಡಸಾಲೆಗೆ ಬರುವುದನ್ನು ಬಿಟ್ಟರು. ಸಂಜೆ ಏಳಕ್ಕೇ ಮಲಗತೊಡಗಿದರು. ತಂಗಿಯ ದನಿಯ ಕಳವಳಕ್ಕೆ ಕಾರಣ ಇದಾಗಿತ್ತು.

ಆ ಬಿಳಿಗೆರೆ ಏನನ್ನು ಹೇಳುತ್ತಿತ್ತೆಂಬುದನ್ನು ಇಲ್ಲಿ ವಿವರಿಸಬೇಕು. ಚಿತ್ರನಳಿಕೆಯ ಹಿಂಬದಿಯ ಸಣ್ಣ ಕುತ್ತಿಗೆಯಲ್ಲಿ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಬಣ್ಣದ ನಳಿಕೆಯಲ್ಲಿ ಇಂಥ ಮೂರು ಕಿರಣಗಳಿರುತ್ತವೆ. ಅವು ಮುಂಭಾಗದ ಗಾಜಿನ ಒಳಮೈಗೆ ಬಳಿದ ರಂಜಕದ ಪುಡಿಗೆ ಬಡಿದಾಗ ಆ ಬಿಂದು ಬೆಳಗುತ್ತದೆ. ಕಿರಣವು ಒಂದೇ ಕಡೆ ನಿಂತರೆ ಒಂದು ಚುಕ್ಕೆ ಮಾತ್ರ ಕಾಣುವುದು. ಆದುದರಿಂದ ಕುತ್ತಿಗೆಗೆ ತೊಡಿಸಿದ ತಾಮ್ರದ ತಂತಿಯ ಸುರುಳಿಗಳು ಕಿರಣವನ್ನು ಹೊಲ ಉಳುವ ರೈತನಂತೆ ನಡೆಸುತ್ತವೆ: ಒಂದು ಸುರುಳಿ ಎಡದಿಂದ ಬಲಕ್ಕೆ, ಇನ್ನೊಂದು ಮೇಲಿನಿಂದ ಕೆಳಕ್ಕೆ. ನಮ್ಮ ದೇಶದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಅಂದರೆ ಕಿರಣವು ಸೆಕೆಂಡಿಗೆ 15,625 ಸಲ ಅಡ್ಡ ಓಡುತ್ತದೆ. ಕೆಳಕ್ಕಿಳಿಯುವ ಕೆಲಸ ಮಾತ್ರ ನಿಧಾನದ್ದು, ಸೆಕೆಂಡಿಗೆ 50 ಸಲ. ಈ ಕೆಳಕ್ಕಿಳಿಸುವ ವಿಭಾಗವೊಂದೇ ನಿಂತುಹೋಯಿತೆಂದರೆ 625 ಗೆರೆಗಳೂ ಒಂದರ ಮೇಲೊಂದು ಬಿದ್ದು ಒಂದೇ ಗೆರೆಯಾಗುತ್ತವೆ. ಇಡೀ ತೆರೆಗೆ ಹಂಚಿಹೋಗಬೇಕಾದ ಶಕ್ತಿಯು ಆ ಒಂದು ಎಳೆಯ ಮೇಲೆಯೇ ಸುರಿಯುವುದರಿಂದ ಅಲ್ಲಿನ ರಂಜಕ ಸುಟ್ಟುಹೋಗುತ್ತದೆ. ಆಮೇಲೆ ಎಷ್ಟೇ ಚೆನ್ನಾಗಿ ದುರಸ್ತಿ ಮಾಡಿದರೂ ಎಲ್ಲರ ಮುಖದ ಮೇಲೂ ಒಂದು ಕಪ್ಪು ಪಟ್ಟಿ ಉಳಿಯುವುದು. ಬಂದ್ ಮಾಡೆಂದು ನಾನು ಅವಸರಿಸಿದ್ದು ಇದಕ್ಕಾಗಿ.

ನೋಡಿ, ಆ ಗೆರೆಯೇ ನನಗೆ ಸಮಾಧಾನವನ್ನೂ ಕೊಟ್ಟಿತು. ಗೆರೆ ಕಾಣುತ್ತಿದೆಯೆಂದರೆ ಚಿತ್ರನಳಿಕೆ ಜೀವಂತವಾಗಿದೆ. ಅದಕ್ಕೆ ಬೇಕಾದ ಅಧಿಕ ವೋಲ್ಟೇಜು ಹುಟ್ಟುವುದು ಅಡ್ಡ ಓಡಿಸುವ ವಿಭಾಗದ ಟ್ರಾನ್ಸ್‌ಫಾರ್ಮರಿನಲ್ಲಿ. ಆದ್ದರಿಂದ ಆ ವಿಭಾಗವೂ ಸುಸ್ಥಿತಿಯಲ್ಲಿದೆ. ಮಾತು ಕೇಳುತ್ತಿದೆ, ವಿದ್ಯುತ್ ಪೂರೈಸುವ ಭಾಗಕ್ಕೂ ತೊಂದರೆಯಿಲ್ಲ. ಕೆಟ್ಟಿರುವುದು ಅಂಗೈಯಗಲದ ಒಂದು ಮೂಲೆ ಮಾತ್ರ. ವೈದ್ಯರು ನಾಡಿ ಹಿಡಿದು ನೋಡುವಂತೆ ಇದನ್ನು ಪೆಟ್ಟಿಗೆ ತೆರೆಯದೆಯೇ, ನಲವತ್ತು ಹರದಾರಿ ದೂರದಿಂದಲೇ ಹೇಳಬಹುದಾಗಿತ್ತು. ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದ ನನಗೆ, ತಾರುಣ್ಯದಲ್ಲಿ ಅಂಚೆಯ ಮೂಲಕ ಕಲಿತ ರೇಡಿಯೋ-ಟಿ.ವಿ. ವಿದ್ಯೆಯಲ್ಲಿ ಇಂದಿಗೂ ಉಪಯೋಗಕ್ಕೆ ಬರುವುದು ಈ ನಾಡಿಪರೀಕ್ಷೆಯ ಭಾಗವೇ.

ಮುಂದಿನ ಭಾನುವಾರ ಹೋದೆ. ಹೋದವನೇ ಪೆಟ್ಟಿಗೆಯ ತಿರುಪುಗಳಿಗೆ ಕೈ ಹಾಕಲಿಲ್ಲ. ದುರಸ್ತಿಗೆಂದು ಕರೆಯುವ ಸಂದರ್ಭಗಳಲ್ಲಿ ಬಹಳಷ್ಟು ಸಲ ದೋಷವಿರುವುದು ಪೆಟ್ಟಿಗೆಯ ಹೊರಗೆ ಎಂಬುದು ನನ್ನ ಅನುಭವ. ಸಡಿಲಗೊಂಡ ಪ್ಲಗ್ಗು, ಇಲಿ ಕಡಿದ ತಂತಿ, ಡಬ್ಬಿಯಿಂದ ಬರುವ ಹಳದಿ-ಬಿಳಿ-ಕೆಂಪು ತಂತಿಗಳ ತುದಿಗೆ ಹಿಡಿದ ಕಿಲುಬು, ಇವನ್ನು ಯಾರು ಬೇಕಾದರೂ ನೋಡಬಹುದು, ನೋಡಬೇಕು. ಹಳೆಯ ಕಪ್ಪು-ಬಿಳುಪು ಪೆಟ್ಟಿಗೆಗಳಿಗೆ ಈ ಮೂರು ಬಣ್ಣದ ತಂತಿಗಳ ಕಿಂಡಿಯೇ ಇರುವುದಿಲ್ಲ. ಅಂಥವಕ್ಕೆ ಮಾಡ್ಯುಲೇಟರ್ ಎಂಬ ಸಣ್ಣ ಡಬ್ಬಿಯನ್ನು ನಡುವೆ ಜೋಡಿಸಬೇಕು. ಏಕೆಂದರೆ ಮಾಳಿಗೆಯ ಮೇಲಿನ ಆಂಟೆನಾಕ್ಕೆ ಚಿತ್ರ ಕಳುಹಿಸುತ್ತಿದ್ದ ದೂರದರ್ಶನದ ಹಳೆಯ ಪ್ರಸಾರ ಕೇಂದ್ರಗಳು 2022ರ ವೇಳೆಗೆ ಬಹುತೇಕ ಎಲ್ಲ ಕಡೆ ನಿಂತುಹೋದವು. ಆಂಟೆನಾ ತಿರುಗಿಸುತ್ತ ನಿಂತರೆ ಇನ್ನು ಪ್ರಯೋಜನವಿಲ್ಲ. ಟಿ.ವಿ. ಪೂರ್ತಿ ಸತ್ತಂತಿದ್ದರೆ ಒಳಗಿನ ಫ್ಯೂಸ್ ಹೋಗಿರಬಹುದು. ಆದರೆ ಫ್ಯೂಸಿನ ಗಾಜು ಒಳಗೆ ಕಪ್ಪಗೆ ಮಸಿಗಟ್ಟಿದ್ದರೆ ಅದು ದೊಡ್ಡ ದೋಷದ ಸೂಚನೆ. ಅದರ ಜಾಗದಲ್ಲಿ ತಾಮ್ರದ ಎಳೆಯನ್ನು ಸುತ್ತಿ ನಡೆಸುವ ಜಾಣತನವು ನಮ್ಮ ಹಳ್ಳಿಗಳಲ್ಲಿ ಹಲವು ಪೆಟ್ಟಿಗೆಗಳನ್ನು ಬೂದಿ ಮಾಡಿದೆ.

ನಮ್ಮ ಪೆಟ್ಟಿಗೆಯ ಹೊರಗಿನದೆಲ್ಲ ಸರಿಯಾಗಿತ್ತು. ಇನ್ನು ತೆರೆಯಲೇಬೇಕು. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ತಂತಿಯನ್ನು ಎಲ್ಲರಿಗೂ ಕಾಣುವಂತೆ ಪೆಟ್ಟಿಗೆಯ ಮೇಲೆಯೇ ಸುತ್ತಿಟ್ಟೆ. ತೂಕವೆಲ್ಲ ಮುಂಭಾಗದ ಗಾಜಿನಲ್ಲಿರುವುದರಿಂದ ತೆರೆಯನ್ನು ಎದೆಗೆ ಒತ್ತಿಕೊಂಡು ಎತ್ತಬೇಕು. ನಾನು ಮತ್ತು ಸೋದರಳಿಯ ಸೇರಿ ಅದನ್ನು ಎತ್ತಿ ಮಂಚದ ಮೇಲೆ ಕೌದಿ ಹಾಸಿ ಇಟ್ಟೆವು. ಹುಡುಗ ಐ.ಟಿ.ಐ.ಯಲ್ಲಿ ಓದುತ್ತಾನೆ, ಚುರುಕಿನವನು. ಹಿಂಬದಿಯ ಮುಚ್ಚಳ ತೆಗೆದೊಡನೆ ಬಗ್ಗಿ ನೋಡಿದ. ಗಾಜಿನ ಬುರುಡೆಯ ಮಗ್ಗುಲಲ್ಲಿ ಕಪ್ಪು ರಬ್ಬರಿನ ಬಟ್ಟಲೊಂದು ಅಂಟಿಕೊಂಡಿರುತ್ತದೆ. ಅದರಿಂದ ದಪ್ಪ ಕೆಂಪು ತಂತಿಯೊಂದು ಹೊರಡುತ್ತದೆ. ಅದರ ಸುತ್ತ ಎರಡು ಬೆರಳು ಧೂಳು ಕಟ್ಟಿತ್ತು. “ಮಾಮಾ, ಇದನ್ನ ಕಿತ್ತು ಒರಸ್ತೀನಿ, ಕರೆಂಟ್ ಹೆಂಗೂ ತೆಗದೀವಲ್ಲ” ಎನ್ನುತ್ತ ಬೆರಳನ್ನು ಆ ಬಟ್ಟಲಿನ ಅಡಿಗೆ ತೂರಿಸಹೊರಟ. ನಾನು ಅವನ ಕೈಗೆ ಹೊಡೆದೆ. ನನ್ನ ತಂಗಿ ಅಡಿಗೆಮನೆಯ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದಳು. ಹದಿನೆಂಟು ವರ್ಷದ ಮಗನಿಗೆ ನಾನು ಹೊಡೆದುದೇಕೆಂದು ಅವಳು ಮಾತ್ರ ಕೇಳಲಿಲ್ಲ. 1988ರಲ್ಲಿ ನಮ್ಮ ಮನೆಯಲ್ಲಿ ಏನಾಯಿತೆಂಬುದನ್ನು ಅವಳು ಬಲ್ಲಳು.

ಆಗ ನಾವಿದ್ದುದು ವಿಜಾಪುರ ಜಿಲ್ಲೆಯ ಹಳ್ಳಿಯಲ್ಲಿ. ಟಿ.ವಿ.ಯ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ಹೆಮ್ಮೆಯಿದೆ, ಪ್ರಸಂಗವಶಾತ್ ಹೇಳಿಬಿಡುವೆನು. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದುದು 1981ರಲ್ಲಿ. ಅದಕ್ಕೂ ಮೊದಲು, 1975ರ ಆಗಸ್ಟಿನಿಂದ 1976ರ ಜುಲೈವರೆಗೆ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸುವ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದುಕೊಂಡದ್ದು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ರಾಜಧಾನಿಯವರಿಗಿಂತ ಮುಂಚೆ ನಮ್ಮ ಎರೆನಾಡಿನ ರೈತರು ಟಿ.ವಿ. ಕಂಡವರು!

ನಮ್ಮ ಮನೆಗೆ ಬಂದದ್ದು ಎಷ್ಟೋ ತಡವಾಗಿ, 1987ರಲ್ಲಿ, ರಾಮಾಯಣ ಧಾರಾವಾಹಿ ಆರಂಭವಾದ ವರ್ಷ. ಇಪ್ಪತ್ತು ಅಂಗುಲದ ಕಪ್ಪು-ಬಿಳುಪು ಪೆಟ್ಟಿಗೆ. ಓಣಿಗೆಲ್ಲ ಅದೊಂದೇ. ಭಾನುವಾರ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಐವತ್ತು-ಅರವತ್ತು ಜನ ಸ್ನಾನ ಮಾಡಿ ಬಂದು ನಮ್ಮ ಪಡಸಾಲೆಯಲ್ಲಿ, ಕಟ್ಟೆಯ ಮೇಲೆ, ಕಿಟಕಿಯ ಹೊರಗೆ ಕಿಕ್ಕಿರಿಯುತ್ತಿದ್ದರು. ಮುದುಕಿಯೊಬ್ಬಳು ಪೆಟ್ಟಿಗೆಯ ಮುಂದೆ ಊದುಬತ್ತಿ ಹಚ್ಚುತ್ತಿದ್ದಳು. ತಂದೆಯವರು ಬಾಗಿಲಲ್ಲಿ ನಿಂತು ಎಲ್ಲರಿಗೂ ಜಾಗ ಮಾಡಿಕೊಡುತ್ತಿದ್ದರು. ಅವರು ಧಾರಾವಾಹಿ ನೋಡಿದ್ದಕ್ಕಿಂತ ನೋಡುವವರನ್ನು ನೋಡಿದ್ದೇ ಹೆಚ್ಚು.

1988ರ ಬೇಸಿಗೆಯ ಒಂದು ಭಾನುವಾರ. ಹಿಂದಿನ ರಾತ್ರಿ ಚಿತ್ರ ಸ್ವಲ್ಪ ಮಬ್ಬಾಗಿತ್ತು. ಪೆಟ್ಟಿಗೆಯೊಳಗೆ ಚಟಚಟ ಸದ್ದೂ ಬಂದಿತ್ತು. ಧೂಳು ಕೂತಿರಬೇಕೆಂದು ನಾನು ಬಲ್ಲೆ. ಅಂಚೆಯಲ್ಲಿ ಬಂದ ಪಾಠಗಳಲ್ಲಿ ಅರ್ಧ ಓದಿ ಮುಗಿಸಿದ್ದೆನಲ್ಲ! ಎಂಟು ಗಂಟೆಗೆ ಪ್ಲಗ್ಗು ಕಿತ್ತು ಮುಚ್ಚಳ ತೆಗೆದೆ. ಅದೇ ರಬ್ಬರಿನ ಬಟ್ಟಲನ್ನು ಹಿಡಿದು ಕೀಳಹೋದೆ. ಏನಾಯಿತೆಂದು ತಿಳಿಯುವ ಮೊದಲೇ ನನ್ನ ತೋಳು ತಾನಾಗಿಯೇ ಹಿಂದಕ್ಕೆ ಚಿಮ್ಮಿತು. ಮೊಣಕೈ ನಳಿಕೆಯ ಕುತ್ತಿಗೆಗೆ ಬಡಿಯಿತು. ‘ಸುಯ್’ ಎಂದು ಸಣ್ಣದೊಂದು ಸದ್ದು, ಸೈಕಲ್ಲಿನ ಗಾಲಿಯಿಂದ ಗಾಳಿ ಹೋಗುವಂತೆ. ಆದರೆ ಇಲ್ಲಿ ಗಾಳಿ ಒಳಹೋಗುತ್ತಿತ್ತು. ನಳಿಕೆಯೊಳಗೆ ಇರುವುದು ನಿರ್ವಾತ. ಕುತ್ತಿಗೆ ಬಿರುಕು ಬಿಟ್ಟರೆ ಅದರ ಆಯುಷ್ಯ ಮುಗಿಯಿತು. ಕುತ್ತಿಗೆಯ ಒಳಬದಿಯಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದ ಬೆಳ್ಳಿಯ ಕಲೆಯು ನನ್ನ ಕಣ್ಣೆದುರಿಗೇ ಹಾಲಿನ ಬಿಳುಪಿಗೆ ತಿರುಗಿತು.

ಕರೆಂಟ್ ತೆಗೆದ ಮೇಲೂ ಹೊಡೆತ ಬಂದದ್ದು ಹೇಗೆ? ಬುರುಡೆಯ ಗಾಜಿನ ಒಳಮೈಗೂ ಹೊರಮೈಗೂ ವಿದ್ಯುತ್ತನ್ನು ಹರಿಸುವ ಕಪ್ಪು ಲೇಪನವಿರುತ್ತದೆ. ನಡುವೆ ಗಾಜು. ಶಾಲೆಯ ಪ್ರಯೋಗಾಲಯದಲ್ಲಿ ತೋರಿಸುವ ಲೇಡನ್ ಜಾಡಿ ಎಂದರೆ ಇದೇ. ಕಪ್ಪು-ಬಿಳುಪು ಪೆಟ್ಟಿಗೆಯಲ್ಲಿ ಸುಮಾರು 15 ಸಾವಿರ, ದೊಡ್ಡ ಬಣ್ಣದ ಪೆಟ್ಟಿಗೆಯಲ್ಲಿ 20ರಿಂದ 25 ಸಾವಿರ ವೋಲ್ಟುಗಳನ್ನು ಈ ಗಾಜಿನ ಜಾಡಿ ತುಂಬಿಟ್ಟುಕೊಳ್ಳುತ್ತದೆ. ಪ್ಲಗ್ಗು ಕಿತ್ತ ಎಷ್ಟೋ ಹೊತ್ತಿನ ಮೇಲೆ, ಕೆಲವೊಮ್ಮೆ ದಿನಗಳ ಮೇಲೂ ಅದು ಅಲ್ಲಿಯೇ ಇರುತ್ತದೆ. ನಾನು ಓದದೆ ಉಳಿಸಿದ್ದ ಅರ್ಧ ಪಾಠಗಳಲ್ಲಿ ಇದಿತ್ತು.

ಒಂಬತ್ತು ಗಂಟೆಗೆ ಜನ ಬಂದರು. ತಂದೆಯವರು ಕಟ್ಟೆಯ ಮೇಲೆ ನಿಂತು, “ಇವತ್ತ ಪೆಟಗಿ ಕೆಟ್ಟೈತಿ, ತಪ್ಪ ತಿಳ್ಕೋಬ್ಯಾಡ್ರಿ” ಎಂದರು. ಯಾರು ಕೆಡಿಸಿದರೆಂದು ಹೇಳಲಿಲ್ಲ. ಒಳಗೆ ಬಂದು ನನ್ನ ಅಂಗೈ ಹಿಡಿದು ನೋಡಿದರು, ಎಣ್ಣೆ ಹಚ್ಚಿದರು. ನನ್ನೊಡನೆಯೂ ಆ ವಿಷಯ ಮಾತನಾಡಲಿಲ್ಲ. ಹೊಸ ನಳಿಕೆಯನ್ನು ಹುಬ್ಬಳ್ಳಿಯಿಂದ ತರಿಸಿ ಹಾಕಿಸಲು ಮೂರು ವಾರ ಹಿಡಿಯಿತು. ಆ ಕಾಲಕ್ಕೆ ಕಪ್ಪು-ಬಿಳುಪು ಚಿತ್ರನಳಿಕೆಗಳು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿಯೇ ತಯಾರಾಗುತ್ತಿದ್ದವು. ಸಿಗುವುದೇನೂ ಕಷ್ಟವಿರಲಿಲ್ಲ, ಹಣದ್ದೇ ಕಷ್ಟ. ಹಣ ಬಂದದ್ದು ಎತ್ತು ಕೊಳ್ಳಲೆಂದು ತೆಗೆದಿಟ್ಟ ಗಂಟಿನಿಂದ. ಆ ವರ್ಷ ನಮ್ಮ ಹೊಲಕ್ಕೆ ಚಿಕ್ಕಪ್ಪನ ಎತ್ತುಗಳು ಬಂದು ಹೋದವು. ಅವರದು ಬಿತ್ತಿ ಮುಗಿದ ಮೇಲೆ ನಮ್ಮದು. ಮೂರು ವಾರಗಳಲ್ಲಿ ರಾಮಾಯಣದ ಕಥೆ ಎಷ್ಟು ಮುಂದೆ ಸಾಗಿತೆಂಬುದನ್ನು ನಮ್ಮ ಓಣಿಯವರು ಪಕ್ಕದ ಊರಿನವರಿಂದ ಕೇಳಿ ತಿಳಿದರು.

ಇದಿಷ್ಟನ್ನೂ ಅಳಿಯನಿಗೆ ಹೇಳಿ ಮುಗಿಸುವಷ್ಟರಲ್ಲಿ ಅವನ ಕೈ ತಾನಾಗಿಯೇ ಬೆನ್ನ ಹಿಂದೆ ಹೋಗಿತ್ತು. “ಹಂಗೇ ಇರಲಿ” ಎಂದೆ. ಪೆಟ್ಟಿಗೆಯೊಳಗೆ ಒಂದೇ ಕೈ ಆಡಬೇಕು, ಇನ್ನೊಂದು ಬೆನ್ನ ಹಿಂದಿರಬೇಕು ಎಂಬುದು ಈ ವಿದ್ಯೆಯ ಮೊದಲ ನಿಯಮ. ಎರಡೂ ಕೈ ತಾಗಿದರೆ ವಿದ್ಯುತ್ತಿನ ದಾರಿ ಎದೆಯ ಮೂಲಕವೇ ಸಾಗುವುದು. ಕಾಲಿಗೆ ರಬ್ಬರಿನ ಚಪ್ಪಲಿ, ಕೆಳಗೆ ಒಣ ಮಣೆ. ಆಮೇಲೆ ಬುರುಡೆಯ ಹೊರಮೈಗೆ ಬಿಗಿದಿರುವ ತಾಮ್ರದ ಹೆಣಿಗೆಗೆ ತಂತಿಯ ಒಂದು ತುದಿಯನ್ನು ಕಚ್ಚಿಸಿ, ಇನ್ನೊಂದು ತುದಿಯನ್ನು ಉದ್ದ ಹಿಡಿಯ ಸ್ಕ್ರೂಡ್ರೈವರಿನ ಲೋಹಕ್ಕೆ ಸುತ್ತಿ, ಅದರ ತುದಿಯನ್ನು ರಬ್ಬರಿನ ಬಟ್ಟಲಿನ ಅಡಿಗೆ ಮೆಲ್ಲನೆ ಸರಿಸಿದೆ. ‘ಚಟ್’ ಎಂದಿತು. ಹುಡುಗ ಬೆಚ್ಚಿದ. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಸರಿಸಿದಾಗ ಇನ್ನೊಂದು ಸಣ್ಣ ‘ಚಟ್’. ಗಾಜು ತನ್ನೊಳಗೆ ಹೀರಿಟ್ಟುಕೊಂಡದ್ದನ್ನು ಸ್ವಲ್ಪ ಸ್ವಲ್ಪವಾಗಿ ಮರಳಿ ಕೊಡುತ್ತದೆ. ಒಂದೇ ಸಲಕ್ಕೆ ನಂಬಬಾರದು. ವಿದ್ಯುತ್ ಪೂರೈಸುವ ಭಾಗದಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ಕೆಪ್ಯಾಸಿಟರ್ ಒಂದಿದೆ. ಅದರಲ್ಲಿ ಸುಮಾರು 300 ವೋಲ್ಟು ಉಳಿದಿರಬಹುದು. ಅದನ್ನು ಹಳೆಯ 60 ವಾಟಿನ ಬಲ್ಬಿನ ತಂತಿಗಳಿಂದ ಮುಟ್ಟಿಸಿ ಖಾಲಿ ಮಾಡಿ, ಮೀಟರಿನಿಂದ ಅಳೆದು ಖಚಿತಪಡಿಸಿಕೊಂಡೆ. ಇದನ್ನು ಬರೆದಿರುವುದು ಓದಿದವರೆಲ್ಲ ಮಾಡಲೆಂದಲ್ಲ. ಮಾಡಿ ಬಲ್ಲವರ ಪಕ್ಕದಲ್ಲಿ ನಿಂತು ಒಮ್ಮೆಯಾದರೂ ಕಾಣದವರು ಮುಚ್ಚಳವನ್ನೇ ತೆಗೆಯಬಾರದು.

ಒಳಗೆ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿದ ಧೂಳು. ಅಧಿಕ ವೋಲ್ಟೇಜು ಧೂಳನ್ನು ತನ್ನೆಡೆಗೆ ಸೆಳೆಯುತ್ತದೆ. ಮಳೆಗಾಲದಲ್ಲಿ ಆ ಧೂಳು ತೇವಗೊಂಡಾಗ ಚಟಚಟ ಸದ್ದು, ನೀಲಿ ಕಿಡಿ. ಬಣ್ಣ ಹಚ್ಚುವ ಒಣ ಬ್ರಶ್ಶಿನಿಂದ ಬಹಳ ಹಗುರವಾಗಿ ಸವರಿದೆವು. ಜಿರಲೆಯ ಮೊಟ್ಟೆಗಳು, ಒಣಗಿ ಕಾಗದದಂತಾದ ಒಂದು ಹಲ್ಲಿ, ಯಾರದೋ ಬೆಳ್ಳಿಯ ಕಾಲುಂಗುರ! ಅದನ್ನು ತಂಗಿ ತನ್ನದೆಂದಳು, ಅತ್ತೆಯವರು ತಮ್ಮದೆಂದರು. ಆ ವ್ಯಾಜ್ಯ ನಾನು ಹೊರಡುವವರೆಗೂ ಬಗೆಹರಿದಿರಲಿಲ್ಲ.

ಹಲಗೆಯನ್ನು ತಿರುವಿ ಭೂತಗನ್ನಡಿಯನ್ನು ಅಳಿಯನ ಕೈಗೆ ಕೊಟ್ಟೆ. ಚಿತ್ರವನ್ನು ಕೆಳಕ್ಕಿಳಿಸುವ ವಿಭಾಗದ ಐ.ಸಿ.ಯು ಅಲ್ಯೂಮಿನಿಯಮ್ ತಗಡಿಗೆ ಆತುಕೊಂಡಿರುತ್ತದೆ. ಅದನ್ನು ಹುಡುಕುವುದು ಸುಲಭ. “ಅದರ ಕಾಲುಗಳ ಬುಡ ನೋಡು” ಎಂದೆ. ಐದು ನಿಮಿಷ ನೋಡಿದವನು, “ಏನೂ ಇಲ್ಲ ಮಾಮಾ” ಎಂದ. “ಎರೆಹೊಲದಾಗ ಬ್ಯಾಸಗಿಗೆ ಗೂಟದ ಸುತ್ತ ಬಿರುಕು ಬಿಟ್ಟಿರತೈತಲ್ಲ, ಹಂತಾದ್ದು ಹುಡುಕು” ಎಂದೆ. ಆಗ ಕಂಡಿತು. ಎರಡು ಕಾಲುಗಳ ಸುತ್ತ ಬೆಸುಗೆಯಲ್ಲಿ ಕೂದಲಿಗಿಂತ ತೆಳ್ಳನೆಯ ಉಂಗುರದಂಥ ಬಿರುಕು. ಐ.ಸಿ. ದಿನವೂ ಕಾಯುತ್ತದೆ, ದಿನವೂ ಆರುತ್ತದೆ. ಲೋಹವೂ ಹಲಗೆಯೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ವರ್ಷಾನುಗಟ್ಟಲೆ ಹೀಗೆ ಎಳೆದಾಡಿದ ಮೇಲೆ ಬೆಸುಗೆ ಸೋಲುತ್ತದೆ. ತಲೆಯ ಮೇಲೆ ತಟ್ಟಿದರೆ ಚಿತ್ರ ಬರುವ, ಮತ್ತೆ ಹೋಗುವ ಪೆಟ್ಟಿಗೆಗಳ ಗುಟ್ಟು ಬಹುಮಟ್ಟಿಗೆ ಇಷ್ಟೇ. ಅತ್ತೆಯವರು ಎರಡು ವರ್ಷಗಳಿಂದ ಅದನ್ನು ತಟ್ಟುತ್ತಲೇ ಇದ್ದರೆಂದು ಆಗ ಹೊರಬಿದ್ದಿತು.

ಹಳೆಯ ಬೆಸುಗೆಯನ್ನು ಹೀರಿ ತೆಗೆದು ಹೊಸದನ್ನು ಹಾಕಿಸಿದೆ. 25 ವಾಟಿನ ಕಾವಲಿ, ರಾಳ ತುಂಬಿದ ಸೀಸ-ತವರದ ತಂತಿ, ಮೂರು ಸೆಕೆಂಡಿನ ಸ್ಪರ್ಶ. ಹುಡುಗನ ಕೈ ನಡುಗಲಿಲ್ಲ. ಪಕ್ಕದಲ್ಲಿದ್ದ ಎರಡು ಕೆಪ್ಯಾಸಿಟರುಗಳ ತಲೆ ಸ್ವಲ್ಪ ಉಬ್ಬಿತ್ತು. ಬಿಸಿಗೆ ಅವುಗಳೊಳಗಿನ ದ್ರವ ಆರಿಹೋಗುತ್ತದೆ, ಆಗ ಚಿತ್ರವು ಮೇಲಿನಿಂದಲೋ ಕೆಳಗಿನಿಂದಲೋ ಕುಗ್ಗತೊಡಗುತ್ತದೆ. ಅಂಥವನ್ನು ನಾನು ಹುಬ್ಬಳ್ಳಿಯಿಂದ ಮೊದಲೇ ಕೊಂಡು ತಂದಿದ್ದೆ. ಬೆಲೆ ಒಂದು ಚಹದಷ್ಟು. 85 ಡಿಗ್ರಿಯದರ ಬದಲು 105 ಡಿಗ್ರಿ ಎಂದು ಬರೆದದ್ದನ್ನು ಕೇಳಿ ಪಡೆಯಬೇಕು. ಋಣ-ಧನ ಅದಲುಬದಲಾದರೆ ಸಿಡಿಯುತ್ತದೆ.

ನಾವು ಇದರಲ್ಲಿ ಮಗ್ನರಾಗಿರುವಾಗ ತಂಗಿಯ ಯಜಮಾನರು ಬಂದು ನಿಂತು, “ಇನ್ನೆಷ್ಟು ವರ್ಷ ನಡಿಸ್ತೀರಿ ಇದನ್ನ?” ಎಂದರು. ನ್ಯಾಯವಾದ ಪ್ರಶ್ನೆ. ನಮ್ಮ ದೇಶದಲ್ಲಿ ಬಣ್ಣದ ಚಿತ್ರನಳಿಕೆಗಳ ತಯಾರಿಕೆ ನಿಂತುಹೋಗಿದೆ. ಕುತ್ತಿಗೆಯೊಳಗಿನ ಲೋಹ ದಣಿದು ಚಿತ್ರ ಮಸುಕಾದರೆ, ಹಚ್ಚಿ ಐದು ನಿಮಿಷವಾದರೂ ಮುಖಗಳು ಸ್ಪಷ್ಟವಾಗದಿದ್ದರೆ, ಅಲ್ಲಿಗೆ ಮುಗಿಯಿತು. ಅಧಿಕ ವೋಲ್ಟೇಜಿನ ಟ್ರಾನ್ಸ್‌ಫಾರ್ಮರ್ ಸುಟ್ಟರೂ ಹಾಗೆಯೇ. ಅದಕ್ಕೆ ತಕ್ಕುದು ಸಿಗುವುದು ಅದೃಷ್ಟ. ಆಗ ನಾನೇ ಬೇಡವೆನ್ನುವೆ. ಆದರೆ ಅಂದೂ ಅದು ನೂರೈವತ್ತು ರೂಪಾಯಿಯ ಗುಜರಿಗೆ ಹೋಗಕೂಡದು. ಗುಜರಿಯವನಿಗೆ ಬೇಕಾದುದು ಸುರುಳಿಯ ತಾಮ್ರ. ಅದಕ್ಕಾಗಿ ಬುರುಡೆಯನ್ನು ಕಲ್ಲಿನಿಂದ ಒಡೆಯುತ್ತಾನೆ, ಎಷ್ಟೋ ಸಲ ಮಕ್ಕಳಿಂದ ಒಡೆಸುತ್ತಾನೆ. ನಿರ್ವಾತದ ಬುರುಡೆ ಒಳಮುಖವಾಗಿ ಕುಸಿದು ಗಾಜನ್ನು ಚಿಮ್ಮಿಸುತ್ತದೆ. ಬಣ್ಣದ ನಳಿಕೆಯ ಹಿಂಬದಿಯ ಗಾಜಿನ ತೂಕದಲ್ಲಿ ಐದನೆಯ ಒಂದು ಭಾಗಕ್ಕೂ ಮಿಕ್ಕಿ ಸೀಸದ ಆಕ್ಸೈಡು ಇರುತ್ತದೆ. ಆ ಚೂರುಗಳು ತಿಪ್ಪೆಗೆ ಬಿದ್ದರೆ ತಿಪ್ಪೆಯ ಗೊಬ್ಬರ ಹೋಗುವುದು ನಮ್ಮದೇ ಹೊಲಕ್ಕೆ. 2022ರಲ್ಲಿ ಹೊರಡಿಸಿ 2023ರ ಏಪ್ರಿಲಿನಿಂದ ಜಾರಿಗೆ ತಂದ ಇ-ತ್ಯಾಜ್ಯದ ನಿಯಮಗಳ ಪ್ರಕಾರ ಇಂಥ ವಸ್ತುಗಳನ್ನು ನೋಂದಾಯಿತ ಮರುಬಳಕೆದಾರರಿಗೇ ಮುಟ್ಟಿಸಬೇಕು. ಊರಿಗೊಬ್ಬರು ಮುಂದಾಗಿ ಹಳೆಯ ಪೆಟ್ಟಿಗೆಗಳನ್ನು ಒಟ್ಟುಗೂಡಿಸಿ ಒಂದೇ ಗಾಡಿಯಲ್ಲಿ ಕಳುಹಿಸಿದರೆ ಖರ್ಚೂ ತಗ್ಗುವುದು. ಯಜಮಾನರು ತಲೆಯಾಡಿಸಿದರು. ಒಪ್ಪಿದರೋ, ಬೇಸರವಾಯಿತೋ ತಿಳಿಯಲಿಲ್ಲ.

ಸಂಜೆ ನಾಲ್ಕಕ್ಕೆ ಪರೀಕ್ಷೆ. ದುರಸ್ತಿಯಾದ ಪೆಟ್ಟಿಗೆಯನ್ನು ನಾನು ನೇರವಾಗಿ ವಿದ್ಯುತ್ತಿಗೆ ಜೋಡಿಸುವುದಿಲ್ಲ. ನಡುವೆ 100 ವಾಟಿನ ಹಳೆಯ ಕಾಲದ ಬಲ್ಬನ್ನು ಸರಣಿಯಲ್ಲಿ ಇರಿಸುವೆನು. ಒಳಗೆ ತಪ್ಪಿದ್ದರೆ ಬಲ್ಬು ಪೂರ್ಣ ಉರಿಯುತ್ತದೆ, ಪೆಟ್ಟಿಗೆ ಉಳಿಯುತ್ತದೆ. ಬಲ್ಬು ಒಮ್ಮೆ ಝಗ್ಗನೆ ಬೆಳಗಿ ಕೂಡಲೇ ಮಂಕಾಯಿತು. ತೆರೆಯ ನಡುವೆ ಗೆರೆ ಮೂಡಿತು. ನಮ್ಮೆಲ್ಲರ ಉಸಿರು ನಿಂತಿತು. ಮರುಕ್ಷಣ ಅದು ಮಡಿಸಿಟ್ಟ ಧೋತರ ಬಿಚ್ಚಿದಂತೆ ಮೇಲಕ್ಕೂ ಕೆಳಕ್ಕೂ ಹರಡಿಕೊಂಡಿತು. ಬಲ್ಬನ್ನು ತೆಗೆದು ನೇರ ಜೋಡಿಸಿ, ಮುಚ್ಚಳ ಬಿಗಿದು, ಪೆಟ್ಟಿಗೆಯನ್ನು ಅದರ ಜಾಗದಲ್ಲಿ ಇಟ್ಟೆವು.

ಅತ್ತೆಯವರು ಬಂದು ಚಾಪೆಯ ಮೇಲೆ ಕುಳಿತರು. ಬಹಳ ಹೊತ್ತು ನೋಡಿ, “ಎಲ್ಲಾ ಚಲೋ ಆಗೇತಿ. ಆ ಮೂಲ್ಯಾಗ ಅಷ್ಟ ಮಾರಿ ನೀಲಿ ಕಾಣ್ತಾವಲ್ಲ?” ಎಂದರು. ಹೌದು, ಬಲಗಡೆಯ ಮೇಲಿನ ಮೂಲೆಯಲ್ಲಿ ನೇರಳೆ ಛಾಯೆ. ನೋಡಿದರೆ ಅಳಿಯ ತನ್ನ ಹಾಡಿನ ಸ್ಪೀಕರನ್ನು ತಂದು ಪೆಟ್ಟಿಗೆಯ ಮೇಲಿಟ್ಟಿದ್ದಾನೆ! ಅದರ ಅಯಸ್ಕಾಂತವು ಒಳಗಿನ ಉಕ್ಕಿನ ಜಾಲರಿಯನ್ನು ಕಾಂತಗೊಳಿಸಿ ಕಿರಣಗಳ ದಾರಿ ತಪ್ಪಿಸುತ್ತದೆ. ಸ್ಪೀಕರನ್ನು ತೆಗೆಸಿದೆ. ಜಾಲರಿಯ ಕಾಂತತ್ವವನ್ನು ಅಳಿಸುವ ಸುರುಳಿ ಪೆಟ್ಟಿಗೆಯಲ್ಲಿಯೇ ಇದೆ, ಹಚ್ಚಿದ ಮೊದಲ ಕ್ಷಣದಲ್ಲಿ ‘ಹೂಂ’ ಎನ್ನುವುದು ಅದೇ. ಆದರೆ ಅದು ಪೂರ್ತಿ ತಣ್ಣಗಾದ ಮೇಲಷ್ಟೇ ಮತ್ತೆ ಕೆಲಸ ಮಾಡುತ್ತದೆ. “ಅರ್ಧ ತಾಸು ಬಂದ್ ಇಡಬೇಕಾಗತೈತ್ರಿ, ಆಮ್ಯಾಲೆ ಹಚ್ಚಿದರ ಹೋಗತೈತಿ” ಎಂದು ಸಂಕೋಚದಿಂದ ಹೇಳಿದೆ.

“ಹದಿನೈದು ದಿನಾ ಕಾದೀನಿ, ಅರ್ಧ ತಾಸ ಏನ್ ದೊಡ್ಡದು” ಎಂದು ಅವರೇ ಗುಂಡಿ ಒತ್ತಿ ಬಂದ್ ಮಾಡಿದರು. ಅಡಕೊತ್ತು ತೆಗೆದುಕೊಂಡು, ಕಪ್ಪು ತೆರೆಯ ಎದುರಿಗೇ ಕುಳಿತು ಅಡಿಕೆ ಕತ್ತರಿಸತೊಡಗಿದರು.